ಸಿಂಕಿನ ಡಿಸ್ಪೋಸರ್ ಕೆಟ್ಟಿತಾ? ಬದಲಾಯಿಸುವ ಮುಂಚೆ ಇಷ್ಟು ನೋಡಿ

ಹೋದ ವರ್ಷ ಚೌತಿಯ ಮರುದಿನ ಬೆಳಿಗ್ಗೆ ಏಳೂವರೆಗೆ ಮುಂಬಯಿ ಪಕ್ಕದ ಠಾಣೆ ಊರಿನಿಂದ ತಂಗಿಯ ಮಗಳ ಫೋನ್ ಬಂತು. “ಮಾವ, ಸಿಂಕಿನ ಮೆಷಿನ್ ಸತ್ತೇ ಹೋಯ್ತು. ಮೊದಲು ಗುಂಯ್ ಅಂತಿತ್ತು, ಈಗ ಅದೂ ಇಲ್ಲ. ಪ್ಲಂಬರ್ ನೋಡಿದ. ಹೊಸದೇ ಹಾಕಿಸಬೇಕಂತೆ, ಹದಿನೆಂಟು ಸಾವಿರ ಆಗುತ್ತಂತೆ.”

ಮೆಷಿನ್ ಅಂದರೆ ಡಿಸ್ಪೋಸರ್, ಸಿಂಕಿನ ಕೆಳಗೆ ಕೂತು ಅಡಿಗೆಮನೆಯ ಕಸವನ್ನು ಅರೆದು ನೀರಿನ ಜೊತೆ ಪೈಪಿಗೆ ಬಿಡುವುದು. ಅದನ್ನು ಹಾಕಿಸಿ ಆಗ ಬರೀ ಮೂರು ವರ್ಷ. “ಪ್ಲಗ್ ಕಿತ್ತಿಡು ಮಗಾ, ಯಾರೂ ಏನೂ ಬಿಚ್ಚಬೇಡಿ, ನಾನು ಬರ್ತೇನೆ” ಅಂದೆ. ನಾನಿರುವ ಮುಲುಂಡಿನಿಂದ ಠಾಣೆಗೆ ಒಂದೇ ಸ್ಟೇಷನ್. ಟಾರ್ಚು, ಉದ್ದ ಇಕ್ಕಳ, ಒಂದು ಅಲೆನ್ ಕೀ (ಆರು ಮೂಲೆಯ ಬಾಗಿದ ಸರಳು) ಚೀಲಕ್ಕೆ ಹಾಕಿಕೊಂಡು ಹೊರಟೆ.

ಸಿಂಕಿನ ಬಾಯಿಗೆ ಟಾರ್ಚ್ ಹಿಡಿದರೆ ಎಲ್ಲ ಕಾಣುತ್ತಿತ್ತು. ತಿರುಗುವ ತಟ್ಟೆಗೂ ಸುತ್ತಲಿನ ಗೋಡೆಗೂ ನಡುವೆ ಗೆರಟೆಯ ಚೂರೊಂದು ಬೆಣೆ ಹೊಡೆದ ಹಾಗೆ ಕೂತಿತ್ತು. ಹೆಬ್ಬೆರಳಿನ ಉಗುರಿನಷ್ಟು ದೊಡ್ಡದು. ಹಿಂದಿನ ದಿನ ಚೌತಿ ಅಡಿಗೆಗೆ ಹತ್ತು ಕಾಯಿ ಒಡೆದಿದ್ದರು, ಯಾವುದೋ ಒಂದರ ಚಿಪ್ಪು ಸಿಡಿದು ಸಿಂಕಿಗೆ ಬಿದ್ದಿದೆ. ಮೆಷಿನ್ನಿನ ತಳದ ತೂತಿಗೆ ಕೀ ಹಾಕಿ ಹಿಂದೆ ಮುಂದೆ ಅಲ್ಲಾಡಿಸಿದೆ, ಚೂರು ಸಡಿಲ ಆಯಿತು, ಇಕ್ಕಳದಲ್ಲಿ ಎತ್ತಿದೆ. ಕೆಂಪು ಬಟನ್ ಒತ್ತಿದಾಗ ‘ಟಿಕ್’ ಅಂತು. ಪ್ಲಗ್ ಹಾಕಿದೆವು, ಓಡಿತು. ಇವತ್ತಿಗೂ ಓಡುತ್ತಿದೆ.

ನಾನು ಮೂವತ್ತೊಂದು ವರ್ಷ ಫ್ಯಾಕ್ಟರಿಯಲ್ಲಿ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ಮಾಡಿದವನು. ನಿವೃತ್ತಿಯಾದ ಮೇಲೆ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ, ಗುರುತಿನವರ ಮನೆಗಳಲ್ಲಿ ಇಂಥ ಸುಮಾರು ಮೆಷಿನ್ ನೋಡಿದ್ದೇನೆ. ‘ಸತ್ತಿದೆ’ ಅಂತ ಕರೆದ ಹೆಚ್ಚಿನ ಕಡೆ ಅದು ಸತ್ತಿರಲಿಲ್ಲ. ಎಲ್ಲೋ ಏನೋ ಸಿಕ್ಕಿಕೊಂಡಿತ್ತು, ಇಲ್ಲ ಕರೆಂಟ್ ಬರುತ್ತಿರಲಿಲ್ಲ, ಇಲ್ಲ ಪೈಪ್ ಕಟ್ಟಿತ್ತು. ನಿಜವಾಗಿ ಸತ್ತವುಗಳಲ್ಲಿ ಹೆಚ್ಚಿನವನ್ನು ಕೊಂದದ್ದು ಒಂದೇ ವಿಷಯ. ಒಳಗೆ ಇಳಿಯದೆ ನಿಂತ ನೀರು. ಅದರ ಬಗ್ಗೆ ಕೆಳಗೆ ಜಾಸ್ತಿ ಬರೆದಿದ್ದೇನೆ, ಯಾಕಂದ್ರೆ ನನ್ನ ಮನೆಯ ಮೊದಲ ಮೆಷಿನ್ ಹೋದದ್ದೂ ಹಾಗೆಯೇ.

ಒಳಗೆ ಏನಿದೆ

ಇದರೊಳಗೆ ಮಿಕ್ಸಿಯ ಹಾಗೆ ಬ್ಲೇಡ್ ಇದೆ ಅಂತ ಬಹಳ ಜನ ತಿಳಿದಿದ್ದಾರೆ. ಬ್ಲೇಡ್ ಇಲ್ಲ. ಒಂದು ದುಂಡು ಉಕ್ಕಿನ ತಟ್ಟೆ, ಅದರ ಮೇಲೆ ಎರಡು ಉಕ್ಕಿನ ತುಂಡು. ನಾನು ಆ ತುಂಡುಗಳನ್ನು ಬಡಿಗೆ ಅನ್ನುತ್ತೇನೆ. ತಟ್ಟೆ ಜೋರಾಗಿ ತಿರುಗಿದಾಗ ಕಸ ಸುತ್ತಲಿನ ಗೋಡೆಗೆ ಹೋಗಿ ಬಡಿಯುತ್ತದೆ. ಆ ಗೋಡೆಯಲ್ಲಿ ಹಲ್ಲು ಹಲ್ಲಾಗಿ ಕೊರೆದ ಒಂದು ಉಕ್ಕಿನ ಬಳೆ ಇದೆ, ಅದು ತಿರುಗುವುದಿಲ್ಲ. ತುರಿಮಣೆಯಲ್ಲಿ ಹಲ್ಲು ನಿಂತಿರುತ್ತದೆ, ಕಾಯಿ ತಿರುಗುತ್ತದೆ ಅಲ್ವಾ? ಇದೂ ಹಾಗೇ. ತುರಿದ ಚೂರು ನೀರಿನ ಜೊತೆ ತಟ್ಟೆಯ ಕೆಳಗೆ ಇಳಿದು ಪೈಪಿಗೆ ಹೋಗುತ್ತದೆ. 1927ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಜಾನ್ ಹ್ಯಾಮ್ಸ್ ಎಂಬ ವಾಸ್ತುಶಿಲ್ಪಿ ಇಂಥದ್ದನ್ನು ಮೊದಲು ಮಾಡಿದ, 1935ರಲ್ಲಿ ಪೇಟೆಂಟ್ ಸಿಕ್ಕಿತು. ಮೂಲ ಉಪಾಯ ಇವತ್ತಿಗೂ ಅದೇ.

ತಟ್ಟೆಯ ಕೆಳಗೆ ನೀರು ಹೊರಹೋಗುವ ಸಣ್ಣ ಕೋಣೆ. ಅದರ ಕೆಳಗೆ ಮೋಟಾರ್. ಎರಡರ ನಡುವೆ, ತಿರುಗುವ ಶಾಫ್ಟಿನ ಸುತ್ತ, ಒಂದು ರಬ್ಬರ್ ಸೀಲ್. ಮೇಲಿನ ನೀರು ಕೆಳಗಿನ ಮೋಟಾರಿಗೆ ಇಳಿಯದ ಹಾಗೆ ತಡೆಯುವುದು ಈ ಪುಟ್ಟ ಸೀಲ್. ಮೆಷಿನ್ ಎಷ್ಟು ವರ್ಷ ಬಾಳುತ್ತದೆ ಅನ್ನುವುದು ಬಹುಮಟ್ಟಿಗೆ ಇದರ ಮೇಲೆ ನಿಂತಿದೆ.

ಇನ್ನು ಮುಂದೆ ಹೇಳುವುದನ್ನೆಲ್ಲ ಮಾಡುವ ಮುಂಚೆ ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಯಾರೋ ಅಡಿಗೆ ಮನೆಗೆ ಬಂದು ಲೈಟ್ ಅಂತ ಅದನ್ನೇ ಒತ್ತಿಬಿಡಬಹುದು. ಪ್ಲಗ್ ಕಿತ್ತಿದ್ದರೂ ಒಳಗೆ ಕೈ ಹಾಕಬೇಡಿ. ಇಕ್ಕಳ ಇರುವುದೇ ಅದಕ್ಕೆ.

ಸದ್ದೇ ಇಲ್ಲ ಅಂದರೆ

ಸ್ವಿಚ್ ಒತ್ತಿದರೆ ಏನೂ ಇಲ್ಲ, ಗುಂಯ್ ಅನ್ನುವುದೂ ಇಲ್ಲ. ಆಗ ಮೆಷಿನ್ನನ್ನು ಆಮೇಲೆ ನೋಡೋಣ. ಮೊದಲು ಅದೇ ಸಾಕೆಟ್ಟಿಗೆ ಮಿಕ್ಸಿ ಹಾಕಿ ಓಡಿಸಿ. ಟೆಸ್ಟರ್ ಹೊಳೆದರೆ ಸಾಕು ಅಂತ ನಂಬಬೇಡಿ. ನ್ಯೂಟ್ರಲ್ ಕಡಿದಿದ್ದರೂ ಟೆಸ್ಟರ್ ಹೊಳೆಯುತ್ತದೆ, ಮಿಕ್ಸಿ ಮಾತ್ರ ಓಡುವುದಿಲ್ಲ. ಮಿಕ್ಸಿ ಓಡದಿದ್ದರೆ ತೊಂದರೆ ನಿಮ್ಮ ಬೋರ್ಡಿನಲ್ಲಿದೆ, ಎಲೆಕ್ಟ್ರಿಷಿಯನ್ ಕರೆಯಿರಿ.

ಮಿಕ್ಸಿ ಓಡಿತು, ಡಿಸ್ಪೋಸರ್ ಓಡಲಿಲ್ಲ. ಆಗ ಮೆಷಿನ್ನಿನ ತಳದಲ್ಲಿ ಕೆಂಪು ಬಟನ್ ಹುಡುಕಿ. ಸಿಂಕಿನ ಕೆಳಗೆ ಬಗ್ಗಿ ಕೈಯಲ್ಲೇ ಸವರಿದರೆ ಸಿಗುತ್ತದೆ. ಮೋಟಾರ್ ಕಾದರೆ ಅಥವಾ ಸಿಕ್ಕಿಕೊಂಡರೆ ಈ ಬಟನ್ ತಾನಾಗಿ ಹೊರಗೆ ಬಂದು ಕರೆಂಟ್ ಕಡಿಯುತ್ತದೆ. ಮೆತ್ತಗೆ ಒತ್ತಿ. ನಿಲ್ಲದೆ ಮತ್ತೆ ಹೊರಗೆ ಬಂದರೆ ಮೋಟಾರ್ ಇನ್ನೂ ಬಿಸಿ ಇದೆ ಅಂತ ಅರ್ಥ. ಹತ್ತು ನಿಮಿಷ ಬಿಟ್ಟು ಮತ್ತೆ ಒತ್ತಿ. ಬಟನ್ ಹೊರಗೆ ಬರಲು ಒಂದು ಕಾರಣ ಇದ್ದೇ ಇರುತ್ತದೆ. ಅದನ್ನು ಹುಡುಕದೆ ಸುಮ್ನೆ ಒತ್ತುತ್ತಾ ಹೋದರೆ ಒಂದು ದಿನ ವೈಂಡಿಂಗ್ (ಮೋಟಾರಿನೊಳಗಿನ ತಂತಿ ಸುರುಳಿ) ಸುಡುತ್ತದೆ.

ಈಗ ಹೊಸ ಕಟ್ಟಡಗಳಲ್ಲಿ ಗ್ರಾನೈಟ್ ಕಟ್ಟೆಯ ಮೇಲೆ ಒತ್ತುವ ಸ್ಟೀಲ್ ಬಟನ್ ಇಡುತ್ತಾರೆ, ಏರ್ ಸ್ವಿಚ್. ಅದರಲ್ಲಿ ಕರೆಂಟ್ ಇಲ್ಲ, ಒದ್ದೆ ಕೈಯಲ್ಲಿ ಒತ್ತಬಹುದು, ಒಳ್ಳೆಯದೇ. ಒತ್ತಿದಾಗ ಗಾಳಿ ಒಂದು ತೆಳ್ಳನೆಯ ಪ್ಲಾಸ್ಟಿಕ್ ನಳಿಕೆಯಲ್ಲಿ ಹೋಗಿ ಕೆಳಗಿನ ಡಬ್ಬಿಯ ಸ್ವಿಚ್ಚನ್ನು ತಳ್ಳುತ್ತದೆ. ಆ ನಳಿಕೆ ಜಾರಿದರೆ ಮೆಷಿನ್ ಸತ್ತ ಹಾಗೇ ಕಾಣುತ್ತದೆ. ಭಾಂಡೂಪಿನ ಒಂದು ಮನೆಯಲ್ಲಿ ಇಲಿ ಕಡಿದಿತ್ತು. ಒಂದು ಅಡಿ ನಳಿಕೆ ಬದಲಾಯಿಸಿದೆ, ಅಷ್ಟೇ.

ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ

ಎರಡು ಸೆಕೆಂಡಿಗಿಂತ ಜಾಸ್ತಿ ಕೇಳಬೇಡಿ, ತಕ್ಷಣ ಆಫ್ ಮಾಡಿ. ತಿರುಗದ ಮೋಟಾರಿಗೆ ಹರಿಯುವ ಕರೆಂಟ್ ಮಾಮೂಲಿಗಿಂತ ಎಷ್ಟೋ ಪಟ್ಟು. ಸುಡಲು ಹೊತ್ತು ಬೇಡ.

ಹೆಚ್ಚಿನ ಮೆಷಿನ್ನಿನ ತಳದ ನಡುವೆ ಆರು ಮೂಲೆಯ ತೂತು ಇರುತ್ತದೆ. ಅದು ಸಾಮಾನ್ಯವಾಗಿ ಕಾಲು ಇಂಚಿನದು. ಕೊಡುವಾಗ ಒಂದು ಕೀ ಕೊಟ್ಟಿರುತ್ತಾರೆ, ಯಾರ ಮನೆಯಲ್ಲೂ ಅದು ಈಗ ಸಿಗುವುದಿಲ್ಲ. ಆಗ ಜನ ಮನೆಯಲ್ಲಿರುವ 6 ಮಿಲಿಮೀಟರ್ ಕೀ ಹಾಕುತ್ತಾರೆ. ಕಾಲು ಇಂಚು ಅಂದರೆ 6.35. ಅಷ್ಟೇ ವ್ಯತ್ಯಾಸ, ಆದರೆ ಜೋರು ಹಾಕಿದಾಗ ಸಡಿಲ ಕೀ ಒಳಗಿನ ಮೂಲೆಗಳನ್ನು ಸವೆಸಿಬಿಡುತ್ತದೆ, ಆಮೇಲೆ ಸರಿಯಾದ ಕೀ ಕೂಡ ಕಚ್ಚುವುದಿಲ್ಲ. ಮುಂಬಯಿಯ ನಾಗದೇವಿ ಸ್ಟ್ರೀಟಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಇಂಚಿನ ಕೀ ಬಿಡಿಯಾಗಿ ಸಿಗುತ್ತದೆ. ಒಂದು ತಂದು ಮೆಷಿನ್ನಿನ ಪಕ್ಕದ ಪೈಪಿಗೆ ದಾರದಲ್ಲಿ ಕಟ್ಟಿಡಿ.

ಕೀಯನ್ನು ಒಂದೇ ಕಡೆ ಬಲವಂತ ಮಾಡಬೇಡಿ. ಎರಡೂ ಕಡೆಗೆ ಸ್ವಲ್ಪ ಸ್ವಲ್ಪ ಅಲ್ಲಾಡಿಸಿ, ಪೂರ್ತಿ ಸುತ್ತು ಸಲೀಸಾಗಿ ಬರುವ ತನಕ. ಕೆಲವು ಮೆಷಿನ್ನಿಗೆ ಕೆಳಗೆ ತೂತೇ ಇಲ್ಲ. ಅದಕ್ಕೆ ಮೇಲಿಂದ ಲಟ್ಟಣಿಗೆಯ ಹಿಡಿಯನ್ನೋ ಮರದ ಕೋಲನ್ನೋ ಇಳಿಸಿ, ಬಡಿಗೆಯ ಬದಿಗೆ ಆನಿಸಿ ತಳ್ಳಿ. ಕಬ್ಬಿಣದ ಸರಳು ಬೇಡ.

ಸಿಕ್ಕಿಕೊಳ್ಳುವುದು ಏನು? ನಮ್ಮವರ ಮನೆಗಳಲ್ಲಿ ಮೊದಲನೆಯದು ಗೆರಟೆ ಚೂರು. ಆಮೇಲೆ ಉಪ್ಪಿನಕಾಯಿ ಚಮಚ, ಸೋಡಾ ಬಾಟ್ಲಿಯ ಮುಚ್ಚಳ, ಹುಣಸೆ ಬೀಜ, ಮಾವಿನ ಗೊರಟು. ಬಾಳೆದಿಂಡು, ನುಗ್ಗೆ ಸಿಪ್ಪೆ, ಬಾಳೆಎಲೆ ಇವು ಗಟ್ಟಿ ಇಲ್ಲ, ಆದರೆ ನಾರು. ನಾರು ತುಂಡಾಗುವುದಿಲ್ಲ, ಬಡಿಗೆಗೆ ಹಗ್ಗದ ಹಾಗೆ ಸುತ್ತಿಕೊಳ್ಳುತ್ತದೆ. ಹಲಸಿನದು ಇನ್ನೂ ಕಷ್ಟ. ಮೇಣ ಹಲ್ಲಿನ ಬಳೆಗೆ ಅಂಟಿ, ಮುಂದೆ ಬಂದ ಕಸವನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ. ಎಣ್ಣೆ ಸವರಿದ ಬಟ್ಟೆಯನ್ನು ಕೋಲಿಗೆ ಸುತ್ತಿ ಒರೆಸಬೇಕಾಗುತ್ತದೆ, ಕೈಗೆ ಮೇಣ ಹತ್ತಿದರೆ ಎಣ್ಣೆ ಹಚ್ಚುತ್ತೇವಲ್ಲ, ಹಾಗೆ.

ಕೀ ಹಾಕಿದರೆ ಸಲೀಸಾಗಿ ತಿರುಗುತ್ತದೆ, ಕರೆಂಟ್ ಕೊಟ್ಟರೆ ಮಾತ್ರ ಗುಂಯ್. ಆಗ ತೊಂದರೆ ಮೋಟಾರನ್ನು ಎಬ್ಬಿಸುವ ಭಾಗದಲ್ಲಿದೆ. ಇಂಡಕ್ಷನ್ ಮೋಟಾರ್ ಆದರೆ ಸ್ಟಾರ್ಟಿಂಗ್ ಸ್ವಿಚ್ಚೋ ಕೆಪಾಸಿಟರ್ರೋ ಹೋಗಿರಬಹುದು. ಮ್ಯಾಗ್ನೆಟ್ ಮೋಟಾರ್ ಆದರೆ ಕಾರ್ಬನ್ ಬ್ರಷ್ ಸವೆದಿರಬಹುದು. ಬ್ರಷ್ ಹೋದದ್ದು ಆಗಾಗ ಓಡುತ್ತದೆ, ಆಗಾಗ ಸುಮ್ಮನಿರುತ್ತದೆ, ಒಂದು ತಟ್ಟು ತಟ್ಟಿದರೆ ಎದ್ದು ಕೂರುತ್ತದೆ. ಇವೆಲ್ಲ ಸಣ್ಣ ಭಾಗಗಳು, ಮೋಟಾರ್ ರಿವೈಂಡಿಂಗ್ ಅಂಗಡಿಯವರು ನೋಡಿ ಹಾಕಿಕೊಡುತ್ತಾರೆ. ಕೆಪಾಸಿಟರನ್ನು ಮನೆಯಲ್ಲಿ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಅದರಲ್ಲಿ ಕರೆಂಟ್ ಉಳಿದಿರುತ್ತದೆ.

ಅಮೆರಿಕದಿಂದ ತಂದ ಮೆಷಿನ್

ಇದಕ್ಕೆ ಬೇರೆಯಾಗಿಯೇ ಬರೆಯಬೇಕು. ನಮ್ಮ ಭಾವನ ಮಗ ಅಲ್ಲಿಂದ ಬರುವಾಗ ಒಳ್ಳೆಯ ಮೆಷಿನ್ ಒಂದನ್ನು ಪ್ರೀತಿಯಿಂದ ಹೊತ್ತು ತಂದ. 120 ವೋಲ್ಟಿನದು. ಅದಕ್ಕೆ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟು ಜೋಡಿಸಿದರು. ಓಡಿತು, ಆದರೆ ವಾರಕ್ಕೆ ಮೂರು ಸಲ ಕೆಂಪು ಬಟನ್ ಹೊರಗೆ. ಸಿಕ್ಕಿಕೊಂಡದ್ದು ಏನೂ ಇಲ್ಲ. ಕಾರಣ ಫ್ರೀಕ್ವೆನ್ಸಿ, ಅಂದರೆ ಕರೆಂಟ್ ಸೆಕೆಂಡಿಗೆ ಎಷ್ಟು ಸಲ ಹಿಂದೆ ಮುಂದೆ ಆಡುತ್ತದೆ ಅನ್ನುವುದು. ಅಲ್ಲಿ 60 ಹರ್ಟ್ಸ್, ನಮ್ಮಲ್ಲಿ 50. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಫ್ರೀಕ್ವೆನ್ಸಿ ಬದಲಾಯಿಸುವುದಿಲ್ಲ. ಇಂಡಕ್ಷನ್ ಮೋಟಾರ್ ಇಲ್ಲಿ ಆರರಲ್ಲಿ ಒಂದು ಭಾಗ ನಿಧಾನ ಓಡುತ್ತದೆ, ಅದೇ ವೋಲ್ಟೇಜಿಗೆ ಜಾಸ್ತಿ ಕರೆಂಟ್ ಎಳೆದು ಬೇಗ ಕಾಯುತ್ತದೆ. ಅಂಥದ್ದನ್ನು ರಿಪೇರಿ ಮಾಡಿಸಿ ದುಡ್ಡು ಕಳೆಯಬೇಡಿ. ಯಾರಾದರೂ ತರುತ್ತೇನೆ ಅಂದರೆ ಮೊದಲೇ ಬೇಡ ಅನ್ನಿ. ಇಲ್ಲಿಯ 230 ವೋಲ್ಟ್, 50 ಹರ್ಟ್ಸ್ ಅಂತ ತಳದ ಪಟ್ಟಿಯಲ್ಲಿ ಬರೆದಿರುವುದೇ ನಮಗೆ ಆಗುವುದು.

ಸದ್ದು ಬದಲಾದರೆ

ಕಟಕಟ, ಠಣ್ ಠಣ್ ಅಂದರೆ ಲೋಹ ಬಿದ್ದಿದೆ. ಆಫ್ ಮಾಡಿ, ಟಾರ್ಚ್ ಹಿಡಿದು ಎತ್ತಿ. ಬಡಿಗೆ ಸಡಿಲ ಇದೆ, ಮುರಿದಿದೆ ಅಂತ ಹೆದರಿ ಫೋನ್ ಮಾಡುವವರೂ ಇದ್ದಾರೆ. ಹೆಚ್ಚಿನ ಮೆಷಿನ್ನಿನಲ್ಲಿ ಬಡಿಗೆ ಸಡಿಲವಾಗಿ ಸುತ್ತ ತಿರುಗಲೇಬೇಕು. ಗಟ್ಟಿ ಕಸ ಬಂದಾಗ ಹಿಂದೆ ಸರಿದು ಜಾಮ್ ತಪ್ಪಿಸುವುದು ಅದರ ಕೆಲಸ.

ಇಡೀ ಸಿಂಕ್ ನಡುಗಿದರೆ ಮೇಲಿನ ಹಿಡಿತದ ಉಂಗುರ ಸಡಿಲವಾಗಿದೆ. ತೆಳು ತಗಡಿನ ಸಿಂಕಿನಲ್ಲಿ ಇದು ಜಾಸ್ತಿ. ಬಿಗಿ ಮಾಡಿ.

ಗರ್‍ರ್ ಅಂತ ಹಳೇ ಸೀಲಿಂಗ್ ಫ್ಯಾನಿನ ಹಾಗೆ ಶುರುವಾಗಿ ವಾರ ವಾರಕ್ಕೆ ಜೋರಾದರೆ ಅದು ಬೇರಿಂಗ್. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬೇರಿಂಗ್ ಸುಮ್ಮನೆ ಹೋಗುವುದಿಲ್ಲ, ಅದಕ್ಕೆ ನೀರು ತಾಗಿರುತ್ತದೆ.

ನೀರು ಇಳಿಯದಿದ್ದರೆ

ಮೆಷಿನ್ ಚೆನ್ನಾಗಿ ಓಡುತ್ತದೆ, ನೀರು ಮಾತ್ರ ಸಿಂಕಿನಲ್ಲಿ ನಿಂತಿದೆ. ಕಟ್ಟಿರುವುದು ಪೈಪ್. ಕೆಳಗೆ ಬಕೆಟ್ ಇಟ್ಟು ಬಾಟಲ್ ಟ್ರಾಪ್ (ಪೈಪಿನ ನಡುವೆ ನೀರು ನಿಲ್ಲುವ ಬಾಟ್ಲಿಯಂಥ ಭಾಗ) ಬಿಚ್ಚಿ ತೊಳೆಯಿರಿ. ಹತ್ತರಲ್ಲಿ ಏಳೆಂಟು ಸಲ ಅಲ್ಲೇ ಸಿಗುತ್ತದೆ. ಬೂದಿ ಬಣ್ಣದ ಜಿಗುಟು ಮುದ್ದೆ, ಕೈಗೆ ಅಂಟುತ್ತದೆ. ಅನ್ನ, ದೋಸೆ ಹಿಟ್ಟು, ಚಪಾತಿ ಹಿಟ್ಟು ನುಣ್ಣಗಾಗಿ ಪೈಪಿನಲ್ಲಿ ಗೋಂದಿನ ಹಾಗೆ ಕೂರುತ್ತವೆ. ಕಾಯಿಹಾಲು ಹಿಂಡಿದ ಚರಟ, ಚಹಾ ಪುಡಿ ಆ ಗೋಂದಿಗೆ ಸೇರಿಕೊಳ್ಳುತ್ತವೆ.

ಜನವರಿಯಲ್ಲಿ ಈ ದೂರು ಹೆಚ್ಚು ಬರುತ್ತದೆ. ಕಾರಣ ತೆಂಗಿನೆಣ್ಣೆ. ಅದು ಸುಮಾರು 24 ಡಿಗ್ರಿಗೇ ಗಟ್ಟಿಯಾಗುತ್ತದೆ, ಮುಂಬಯಿಯ ಚಳಿಗಾಲದ ರಾತ್ರಿ ಅದಕ್ಕಿಂತ ಕೆಳಗೆ ಇಳಿಯುತ್ತದೆ. ಬಾಣಲೆಯಲ್ಲಿ ಉಳಿದ ಎಣ್ಣೆಯನ್ನು ಹಳೇ ಪೇಪರಿನಲ್ಲಿ ಒರೆಸಿ ಕಸಕ್ಕೆ ಹಾಕಿ, ಸಿಂಕಿಗೆ ಬೇಡ. ಮೆಷಿನ್ ಓಡಿಸುವಾಗ ಬಿಸಿನೀರು ಬಿಡುವ ಅಭ್ಯಾಸ ಇದ್ದರೆ ಅದನ್ನೂ ಬಿಡಿ. ಬಿಸಿನೀರಿನಲ್ಲಿ ಕರಗಿದ ಜಿಡ್ಡು ಮುಂದೆ ಹೋಗಿ ತಣ್ಣಗಾದ ಕಡೆ ಹೆಪ್ಪುಗಟ್ಟುತ್ತದೆ. ತಣ್ಣೀರು ಸರಿ. ಅರೆಯುವ ಸದ್ದು ನಿಂತ ಮೇಲೂ ಹದಿನೈದು ಇಪ್ಪತ್ತು ಸೆಕೆಂಡ್ ನಲ್ಲಿ ಬಿಟ್ಟಿರಿ. ನೀರು ಬರದ ಹೊತ್ತಿನಲ್ಲಿ ಒಂದು ತಂಬಿಗೆ ಸುರಿದು ಓಡಿಸುವವರಿದ್ದಾರೆ, ಅದು ಸಾಲದು. ನೀರು ಬಂದ ಮೇಲೆ ಓಡಿಸಿ.

ಪೈಪ್ ಕಟ್ಟಿತು ಅಂತ ಕಾಸ್ಟಿಕ್ ಪುಡಿ, ಆಸಿಡ್ ಸುರಿಯಬೇಡಿ. ಒಳಗಿನ ಲೋಹವನ್ನೂ ಸೀಲನ್ನೂ ತಿನ್ನುತ್ತದೆ. ಅದು ಒಳಗಿರುವಾಗ ಯಾರಾದರೂ ಸ್ವಿಚ್ ಒತ್ತಿದರೆ ಮುಖಕ್ಕೆ ಸಿಡಿಯುತ್ತದೆ.

ಟ್ರಾಪ್ ಸ್ವಚ್ಛ ಇದ್ದೂ ನೀರು ಇಳಿಯುತ್ತಿಲ್ಲ ಅಂದರೆ ಕಟ್ಟಡದ ಲೈನ್ ನೋಡಬೇಕು. ಹಳೇ ಕಟ್ಟಡದಲ್ಲಿ ನಿಮ್ಮ ಅಡಿಗೆಮನೆಯ ಕಸ ಕೆಳಗಿನವರ ಸಿಂಕಿನಲ್ಲಿ ಉಕ್ಕಬಹುದು. ನ್ಯೂಯಾರ್ಕಿನ ಹೆಚ್ಚಿನ ಭಾಗದಲ್ಲಿ 1997ರ ತನಕ ಈ ಮೆಷಿನ್ನಿಗೆ ಅನುಮತಿಯೇ ಇರಲಿಲ್ಲ, ಹಳೇ ಚರಂಡಿ ತಡೆಯುತ್ತದಾ ಅನ್ನುವ ಭಯಕ್ಕೆ. ನಮ್ಮಲ್ಲೂ ಸೊಸೈಟಿಯನ್ನು ಕೇಳಿಯೇ ಹಾಕಿಸುವುದು ಒಳ್ಳೆಯದು. ಸೊಸೈಟಿಯಲ್ಲಿ ಹಸಿ ಕಸದ ಗೊಬ್ಬರ ಮಾಡುತ್ತಿದ್ದರೆ ಸಿಪ್ಪೆ, ನಾರು, ಎಲೆ ಎಲ್ಲ ಅಲ್ಲಿಗೇ ಕೊಡಿ. ಊರಲ್ಲಿ ಕಲಗಚ್ಚು ದನದ ಬಾನಿಗೆ ಹೋಗುತ್ತಿತ್ತು, ವ್ಯರ್ಥ ಅಂತ ಇರಲೇ ಇಲ್ಲ. ತಟ್ಟೆಯಲ್ಲಿ ಉಳಿದ ಮುಸುರೆಗೆ ಮಾತ್ರ ಮೆಷಿನ್ ಇರಲಿ. ಆಗ ಅದೂ ಹೆಚ್ಚು ಬಾಳುತ್ತದೆ.

ಹೊಸದಾಗಿ ಡಿಶ್‌ವಾಷರ್ ಜೋಡಿಸಿದ ಮರುದಿನವೇ ಅದರಲ್ಲಿ ನೀರು ನಿಂತರೆ, ಡಿಸ್ಪೋಸರಿನ ಬದಿಯ ಸಣ್ಣ ಬಾಯಿಯೊಳಗೆ ಒಂದು ಪ್ಲಾಸ್ಟಿಕ್ ಬಿಲ್ಲೆ ಇರುತ್ತದೆ, ಅದನ್ನು ಒಡೆದು ತೆಗೆಯದೆ ಪೈಪ್ ಹಾಕಿದ್ದಾರೆ. ಅಷ್ಟೇ.

ನಾತ ಬಂದರೆ ಬಾಯಿಯ ಕಪ್ಪು ರಬ್ಬರಿನ ಅಡಿಭಾಗವನ್ನು ಹಳೇ ಟೂತ್ ಬ್ರಷ್ಷಿನಲ್ಲಿ ಉಜ್ಜಿ. ಮೇಲಿಂದ ನಿಂಬೆ ಸಿಪ್ಪೆ ಹಾಕಿದರೆ ಒಂದು ಗಂಟೆ ಪರಿಮಳ ಬರುತ್ತದೆ, ಅಡಿಯ ಲೋಳೆ ಹಾಗೇ ಇರುತ್ತದೆ.

ಕೆಳಗೆ ನೀರು ಸೋರಿದರೆ

ಇದು ಮುಖ್ಯ. ಸೋರಿಕೆ ಎಲ್ಲಿಂದ ಅಂತ ತಿಳಿಯದೆ ಒಂದು ರೂಪಾಯಿಯೂ ಖರ್ಚು ಮಾಡಬೇಡಿ. ನೀರು ಯಾವಾಗಲೂ ತಳದಿಂದಲೇ ತೊಟ್ಟಿಕ್ಕುತ್ತದೆ, ಹೊರಟದ್ದು ಮಾತ್ರ ಬೇರೆ ಕಡೆ ಇರಬಹುದು.

ಪ್ಲಗ್ ಕಿತ್ತು, ಮೆಷಿನ್ನಿನ ಹೊರಮೈಯನ್ನು ಪೂರ್ತಿ ಒರೆಸಿ. ಕೆಳಗೆ ಬಿಳಿ ಕಾಗದ ಹಾಸಿ. ಬೀಟ್‌ರೂಟ್ ಬೇಯಿಸಿದ ನೀರನ್ನು ಸೋಸಿಟ್ಟುಕೊಳ್ಳಿ. ಸಿಂಕಿನ ಬಾಯಿ ಬಿಗಿಯಾಗಿ ಮುಚ್ಚಿ, ಅರ್ಧ ಸಿಂಕ್ ನೀರು ತುಂಬಿಸಿ, ಆ ಕೆಂಪು ನೀರು ಬೆರೆಸಿ. ಕಾಲು ಗಂಟೆ ಕಾಯಿರಿ. ಈಗಲೇ ಮೇಲ್ಭಾಗದಲ್ಲಿ, ಸಿಂಕ್ ಮತ್ತು ಮೆಷಿನ್ ಸೇರುವ ಕಡೆ ಕೆಂಪು ಕಂಡರೆ ಸೋರುವುದು ಸಿಂಕಿನ ಉಂಗುರದ ಪುಟ್ಟಿ. ಅದು ಒಣಗಿ ಬಿರುಕು ಬಿಟ್ಟಿದೆ. ಮೆಷಿನ್ನಿನ ತಪ್ಪಿಲ್ಲ. ಇಳಿಸಿ, ಹೊಸ ಪುಟ್ಟಿ ಹಾಕಿ ಕೂರಿಸಿದರೆ ಆಯಿತು.

ಅಲ್ಲಿ ಒಣಗಿದ್ದರೆ ಮುಚ್ಚಳ ತೆಗೆದು ನೀರನ್ನು ಬಿಡಿ. ಬದಿಯ ಪೈಪ್ ಸೇರುವಲ್ಲಿ ಬಣ್ಣ ಕಂಡರೆ ಗ್ಯಾಸ್ಕೆಟ್. ಸ್ಕ್ರೂ ಬಿಗಿ ಮಾಡಿ ನೋಡಿ, ನಿಲ್ಲದಿದ್ದರೆ ಗ್ಯಾಸ್ಕೆಟ್ ಬದಲಾಯಿಸಿ.

ಮೇಲೂ ಇಲ್ಲ, ಬದಿಯಲ್ಲೂ ಇಲ್ಲ, ಕೆಂಪು ಬಟನ್ ಇರುವ ತಳದ ತೂತುಗಳಿಂದ ಬಣ್ಣದ ಹನಿ ಬಂದರೆ ಒಳಗಿನ ಸೀಲ್ ಹೋಗಿದೆ. ನೀರು ಮೋಟಾರಿನ ಮೂಲಕವೇ ಇಳಿಯುತ್ತಿದೆ. ಎಪಾಕ್ಸಿ, ಟೇಪು ಏನೂ ಇದಕ್ಕೆ ಆಗುವುದಿಲ್ಲ. ಆ ಪ್ಲಗ್ಗನ್ನು ಮತ್ತೆ ಹಾಕಬೇಡಿ. ಇದು ಬದಲಾಯಿಸಲೇಬೇಕಾದ ಮೆಷಿನ್.

ಇನ್ನೊಂದು ಗುರುತು ಇದೆ. ಸ್ವಿಚ್ ಹಾಕಿದ ಕೂಡಲೇ ಮನೆಯ ಕರೆಂಟ್ ಹೋದರೆ, ಬಿದ್ದದ್ದು ಯಾವುದು ಅಂತ ನೋಡಿ. ಎಂಸಿಬಿ (ಕರೆಂಟ್ ಜಾಸ್ತಿಯಾದರೆ ಕಡಿಯುವ ಸ್ವಿಚ್) ಬಿದ್ದರೆ ಕರೆಂಟ್ ಜಾಸ್ತಿ ಎಳೆದಿದೆ, ಜಾಮ್ ಇರಬಹುದು, ವೈಂಡಿಂಗ್ ಶಾರ್ಟ್ ಇರಬಹುದು. ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಡಿಯುವ ಸ್ವಿಚ್) ಬಿದ್ದರೆ ಕರೆಂಟ್ ಮೆಷಿನ್ನಿನ ಹೊರಮೈಗೆ ಸೋರುತ್ತಿದೆ. ಮೋಟಾರಿಗೆ ನೀರು ಹೋದದ್ದರ ಮೊದಲ ಸುದ್ದಿ ಹಲವು ಸಲ ಇದೇ, ಹನಿ ಕಾಣುವ ಮುಂಚೆ ಬರುತ್ತದೆ. ಆ ಸ್ವಿಚ್ಚನ್ನು ಬೈಪಾಸ್ ಮಾಡಿ ಓಡಿಸಲು ಯಾರಾದರೂ ಹೇಳಿದರೆ ಕೇಳಬೇಡಿ. ಸ್ಟೀಲ್ ಸಿಂಕಿನಲ್ಲಿ ಒದ್ದೆ ಕೈ ಇಟ್ಟು ಕೆಲಸ ಮಾಡುವವರು ನಮ್ಮ ಮನೆಯ ಹೆಂಗಸರು, ಮನೆಗೆಲಸಕ್ಕೆ ಬರುವವಳು.

ನನ್ನ ಮೆಷಿನ್ ಯಾಕೆ ಹೋಯಿತು

ಸಾಮಾನ್ಯವಾಗಿ ಇವು ಎಂಟರಿಂದ ಹನ್ನೆರಡು ವರ್ಷ ಬಾಳುತ್ತವೆ ಅನ್ನುತ್ತಾರೆ. ನನ್ನದು ಆರನೇ ವರ್ಷಕ್ಕೆ ತಳದಿಂದ ಸೋರಿತು. ನಾರು ಹಾಕಿರಲಿಲ್ಲ, ಗೆರಟೆ ಹಾಕಿರಲಿಲ್ಲ, ನೀರು ಬಿಡದೆ ಓಡಿಸಿರಲಿಲ್ಲ. ಬಹಳ ಬೇಜಾರಾಯಿತು. ಬಿಸಾಡುವ ಮುಂಚೆ ಬಾಲ್ಕನಿಯಲ್ಲಿ ಹಳೇ ಬೆಡ್‌ಶೀಟ್ ಹಾಸಿ ಪೂರ್ತಿ ಬಿಚ್ಚಿದೆ.

ತಟ್ಟೆಯ ಮೇಲ್ಭಾಗ ಸ್ಟೇನ್‌ಲೆಸ್, ಇನ್ನೂ ಹೊಳೆಯುತ್ತಿತ್ತು. ಅಡಿ ತಿರುಗಿಸಿದರೆ ಕರಿ ಲೋಳೆ, ಅದರ ಕೆಳಗೆ ತುಕ್ಕಿನ ಹೊಪ್ಪಳೆ, ಉಗುರಿನಲ್ಲಿ ಕೆರೆದರೆ ಎದ್ದು ಬರುತ್ತಿತ್ತು. ಕೋಣೆಯ ಗೋಡೆಯಲ್ಲಿ, ಸುತ್ತಲೂ ಒಂದೇ ಮಟ್ಟದಲ್ಲಿ, ಕಂದು ಗೆರೆ ಎಳೆದ ಹಾಗೆ ಇತ್ತು. ಬಾವಿಯ ಕಲ್ಲಿನಲ್ಲಿ ನೀರಿನ ಗುರುತು ಇರುತ್ತದಲ್ಲ, ಹಾಗೆ. ಸೀಲಿನ ತುಟಿ ಗಟ್ಟಿಯಾಗಿ ಒಂದು ಕಡೆ ಸೀಳಿತ್ತು. ಬೇರಿಂಗಿನಲ್ಲಿ ಗ್ರೀಸ್ ಇರಬೇಕಾದ ಕಡೆ ಹುಣಸೆ ರಸದಂಥ ಕಂದು ನೀರು.

ಆ ಗೆರೆ ನೋಡಿದ ಮೇಲೆ ಅರ್ಥವಾಯಿತು. ಸಿಂಕಿನ ಕೆಳಗೆ ಹೋಗಿ ಅಳೆದೆ. ಮೆಷಿನ್ನಿನ ಹೊರಬಾಯಿಗಿಂತ ಗೋಡೆಯ ಪೈಪ್ ಎರಡು ಇಂಚು ಮೇಲಿತ್ತು. ಕಟ್ಟಡ ಕಟ್ಟಿದಾಗ ಆ ಪೈಪನ್ನು ಬರೀ ಸಿಂಕಿಗೆ ಅಂತ ಇಟ್ಟದ್ದು. ಡಿಸ್ಪೋಸರ್ ಹಾಕಿದರೆ ಹೊರಬಾಯಿ ಇನ್ನೂ ಕೆಳಗೆ ಬರುತ್ತದೆ. ಜೋಡಿಸಿದವನು ಬಾಗುವ ಪೈಪನ್ನು ಮೇಲಕ್ಕೆ ಏರಿಸಿ ಸಿಕ್ಕಿಸಿ ಹೋಗಿದ್ದ. ತುಂಬಿದ ನೀರು ಒತ್ತಡಕ್ಕೆ ಹೊರಟು ಹೋಗುತ್ತಿತ್ತು, ನಮಗೆ ಏನೂ ಗೊತ್ತಾಗಲಿಲ್ಲ. ಕೊನೆಯ ಎರಡು ಇಂಚು ನೀರು ಆರು ವರ್ಷ, ಹಗಲೂ ರಾತ್ರಿ, ಸೀಲಿನ ಮೇಲೆ ನಿಂತಿತ್ತು. ಮೀನು ತೊಳೆದ ಉಪ್ಪು ನೀರು, ಹುಳಿ, ಸಾರು ಎಲ್ಲ ಅದರಲ್ಲಿ. ಮೊದಲ ದಿನವೇ ನಾನು ಬಗ್ಗಿ ನೋಡಬೇಕಿತ್ತು.

ನಿಮ್ಮ ಮನೆಯಲ್ಲಿ ಇವತ್ತೇ ನೋಡಿ, ಮೆಷಿನ್ ಚೆನ್ನಾಗಿ ಓಡುತ್ತಿದ್ದರೂ. ಗೌಂಡಿಗಳು ಬಳಸುವ ಪಾರದರ್ಶಕ ಲೆವೆಲ್ ಪೈಪ್ ನಾಲ್ಕಡಿ ಸಾಕು. ನೀರು ತುಂಬಿಸಿ, ಒಂದು ತುದಿಯ ನೀರಿನ ಮಟ್ಟವನ್ನು ಮೆಷಿನ್ನಿನ ಹೊರಬಾಯಿಯ ನಡುವಿಗೆ ಹಿಡಿಯಿರಿ, ಇನ್ನೊಂದು ತುದಿಯನ್ನು ಗೋಡೆಯ ಪೈಪಿನ ಹತ್ತಿರ. ಗೋಡೆಯ ಬಾಯಿ ಆ ಮಟ್ಟಕ್ಕಿಂತ ಕೆಳಗೇ ಇರಬೇಕು. ನಡುವಿನ ಟ್ರಾಪಿನಿಂದ ನೀರು ಹೊರಡುವ ಬಾಯಿಯೂ ಕೆಳಗಿರಬೇಕು. ಮೇಲಿದ್ದರೆ ಗೋಡೆ ಒಡೆದು ಪೈಪ್ ಇಳಿಸಿ. ಒಂದು ದಿನದ ಗಲಾಟೆ, ಎರಡು ಟೈಲ್ಸ್. ಆಗುವುದೇ ಇಲ್ಲ ಅಂದರೆ ಕಡಿಮೆ ಆಳದ ಸಿಂಕ್ ಹಾಕಿ ಮೆಷಿನ್ನನ್ನು ಎತ್ತಿಸಿ. ಎರಡೂ ಸಾಧ್ಯವಿಲ್ಲದ ಮನೆಗೆ ಡಿಸ್ಪೋಸರ್ ಬೇಡ ಅಂತಲೇ ನನ್ನ ಮಾತು.

ಬದಲಾಯಿಸುವಾಗ

ತಳದ ಸೋರಿಕೆ, ಸುಟ್ಟ ವೈಂಡಿಂಗ್, ಹೋದ ಬೇರಿಂಗ್. ಈ ಮೂರಕ್ಕೆ ಹೊಸದು ತನ್ನಿ. ಹತ್ತು ವರ್ಷ ದಾಟಿದ ಮೆಷಿನ್ ಆದರೆ ಸಣ್ಣ ರಿಪೇರಿಗೂ ಎರಡು ಸಲ ಯೋಚಿಸಿ. ಉಳಿದದ್ದಕ್ಕೆ ರಿಪೇರಿಯೇ ಸರಿ.

ತರುವ ಮುಂಚೆ ಸಿಂಕಿನ ತೂತು ಅಳೆಯಿರಿ. ಹೆಚ್ಚಿನ ಮೆಷಿನ್ನಿಗೆ ಬೇಕಾದದ್ದು ಮೂರೂವರೆ ಇಂಚು, ಅಂದರೆ ಸುಮಾರು 90 ಮಿಲಿಮೀಟರ್. ಹಳೇ ಸಿಂಕಿನ ತೂತು ಸಣ್ಣದಿರುತ್ತದೆ, ಹೊಸ ಕೆಲವು ಸಿಂಕಿನದು ದೊಡ್ಡದು, ಅದಕ್ಕೆ ಅಡಾಪ್ಟರ್ ಉಂಗುರ ಬೇಕು. ಹೊಸ ಮೆಷಿನ್ನಿನ ಹೊರಬಾಯಿ ಎಷ್ಟು ಕೆಳಗೆ ಬರುತ್ತದೆ ಅಂತ ಡಬ್ಬಿಯ ಮೇಲಿನ ಚಿತ್ರದಲ್ಲೇ ಇರುತ್ತದೆ. ಅದನ್ನೂ ಗೋಡೆಯ ಪೈಪನ್ನೂ ಹೋಲಿಸಿ ನೋಡಿ ದುಡ್ಡು ಕೊಡಿ. ಅದೇ ಕಂಪನಿಯ ಅದೇ ಬಗೆಯ ಹಿಡಿತ ಇದ್ದರೆ ಮೇಲಿನ ಉಂಗುರ ಹಾಗೇ ಉಳಿಯುತ್ತದೆ, ಕೆಲಸ ಅರ್ಧ ಗಂಟೆಯದು.

ನಾಲ್ಕು ಜನರ ಮನೆಗೆ ಅರ್ಧ ಹಾರ್ಸ್‌ಪವರ್ ಸಾಕಾಗುತ್ತದೆ. ಮೀನಿನ ಮುಳ್ಳು, ಸಣ್ಣ ಎಲುಬು ದಿನಾ ಇದ್ದರೆ ಮುಕ್ಕಾಲು ತನ್ನಿ. ಅದಕ್ಕಿಂತ ದೊಡ್ಡದಕ್ಕೆ ಕೊಡುವ ದುಡ್ಡನ್ನು ಸ್ಟೀಲಿಗೆ ಕೊಡಿ ಅನ್ನುತ್ತೇನೆ. ತಟ್ಟೆ, ಬಡಿಗೆ, ಬಳೆ ಮೂರೂ ಸ್ಟೇನ್‌ಲೆಸ್ ಇದೆಯಾ ಅಂತ ಕೇಳಿ. ನಮ್ಮ ಸಮುದ್ರದ ಗಾಳಿಗೆ ಸಾದಾ ಉಕ್ಕು ನಿಲ್ಲುವುದಿಲ್ಲ. ವಾರಂಟಿ ಎಷ್ಟು ವರ್ಷ ಅಂತ ನೋಡಿದರೆ ಕಂಪನಿಗೇ ತನ್ನ ಸೀಲಿನ ಮೇಲೆ ಎಷ್ಟು ನಂಬಿಕೆ ಇದೆ ಅಂತ ತಿಳಿಯುತ್ತದೆ.

ಹಳೆಯದನ್ನು ಇಳಿಸುವಾಗ ಕೆಳಗೆ ಪೇಂಟ್ ಡಬ್ಬಿ ಇಟ್ಟು ಮೇಲೆ ನಾಲ್ಕು ದಪ್ಪ ಪುಸ್ತಕ ಪೇರಿಸಿ. ಉಂಗುರ ಬಿಟ್ಟ ಕೂಡಲೇ ಇಡೀ ಭಾರ ಕೈಗೆ ಬೀಳುತ್ತದೆ, ಮಲಗಿಕೊಂಡು ಹಿಡಿಯುವುದು ಕಷ್ಟ. ಇಳಿಸಿದ್ದನ್ನು ಹಸಿ ಕಸಕ್ಕೆ ಹಾಕಬೇಡಿ, ಒಳಗೆ ತಾಮ್ರ ಇದೆ, ಗುಜರಿಯವನು ತೂಕಕ್ಕೆ ತೆಗೆದುಕೊಳ್ಳುತ್ತಾನೆ.

ಹೊಸದನ್ನು ಕೂರಿಸಿ, ನೀರು ಬಿಟ್ಟು ಎರಡು ನಿಮಿಷ ಓಡಿಸಿ, ಕೆಳಗೆ ಒಣ ಪೇಪರ್ ಹಾಸಿ. ರಾತ್ರಿ ಸಿಂಕ್ ತುಂಬಿಸಿ ಒಮ್ಮೆಗೆ ಬಿಡಿ. ಮಾರನೇ ದಿನ ಬೆಳಿಗ್ಗೆ ಪೇಪರ್ ಒಣಗಿಯೇ ಇದ್ದರೆ ಕಪಾಟಿನ ಬಾಗಿಲು ಮುಚ್ಚಬಹುದು.